ತೆಕ್ಬರಜ್ಜಿ ಸುಟ್ಟ ರೊಟ್ಟಿ

ಮರುಭೂಮಿಯ ನಮ್ಮ ಔಸರ್ದ್ ನಿರಾಶ್ರಿತರ ಶಿಬಿರದಲ್ಲಿ ತೆಕ್ಬರಳಷ್ಟು ಚೆನ್ನಾಗಿ ರೊಟ್ಟಿ ಸುಡುವವರು ಇನ್ನೊಬ್ಬರಿರಲಿಲ್ಲ. ಹಾಗಂತ ಅವಳೇ ಹೇಳಿಕೊಂಡು ತಿರುಗುತ್ತಿದ್ದಳು, ನಾವೂ ಒಪ್ಪಿಕೊಂಡುಬಿಟ್ಟಿದ್ದೆವು. ಕೆಂಡ ಸರಿಸಿ, ಅಡಿಯ ಬಿಸಿ ಮರಳಲ್ಲಿ ತಟ್ಟಿದ ಹಿಟ್ಟನ್ನು ಹೂತು, ಮೇಲೆ ಮತ್ತೆ ಮರಳು ಕೆಂಡ ಮುಚ್ಚಿ ಕೂತಳೆಂದರೆ ಅವಳಿಗೆ ಗಡಿಯಾರ ಬೇಕಿರಲಿಲ್ಲ, ಮೂಗು ಸಾಕಿತ್ತು. ಹೊರತೆಗೆದು ಎರಡು ಸಲ ಬಡಿದರೆ ಮರಳೆಲ್ಲ ಉದುರಿಹೋಗುತ್ತಿತ್ತು. ಮನೆಮನೆಗೂ ಗ್ಯಾಸ್ ಒಲೆ ಬಂದ ಮೇಲೂ ಅವಳು ಬಯಲಲ್ಲಿ ಅಲೆದು ಒಣಕಡ್ಡಿ ಆರಿಸಿ ತರುತ್ತಿದ್ದಳು. ಡೇರೆಯ ಮುಂದೆ ಯಾರದೇ ಮಗು ಹಾದುಹೋದರೂ ಕೂಗಿ ಕರೆದು ಕೈಗೊಂದು ಚೂರು ತುರುಕದೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಇದೇನು ದೊಡ್ಡಸ್ತಿಕೆಯಲ್ಲ. ಹಸಿವಾದಾಗ ಯಾವ ಡೇರೆ ಹತ್ತಿರವಿದೆಯೋ ಅಲ್ಲಿ ಮಕ್ಕಳು ನುಗ್ಗಿ ಹರಿವಾಣಕ್ಕೆ ಕೈಹಾಕುತ್ತವೆ. ಊಟದ ಹೊತ್ತಿಗೆ ಡೇರೆಯ ಪರದೆ ಇಳಿಸುವ ಮನೆಗೆ ನಾವು ಹೆಣ್ಣು ಕೊಡುವುದಿಲ್ಲ.

ಹಿಟ್ಟಿನ ಮೇಲೆ ತೆಕ್ಬರಳಿಗಿದ್ದ ಮೋಹಕ್ಕೆ ಕಾರಣವಿತ್ತು. ಹುಡುಗಿಯಾಗಿದ್ದಾಗ ಅವಳು ತಿಂದು ಬೆಳೆದದ್ದು ಬೇರೆ. ಮೋಡ ಹೋದ ಕಡೆ ಹಿಂಡು, ಹಿಂಡು ಹೋದ ಕಡೆ ಮನೆ. ಹೊತ್ತುಹೊತ್ತಿಗೆ ಒಂಟೆಯ ಹಾಲು, ಇದ್ದರೆ ಖರ್ಜೂರ, ಮದುವೆ ಮುಂಜಿಗೆ ಮಾಂಸ. ಯುದ್ಧ ಬಂದು ವಿಮಾನಗಳು ಬೆಂಕಿ ಸುರಿದಾಗ ಹಾಲಿನ ಒಂಟೆಗಳೂ ಹೋದವು, ಗಂಡನೂ ಹೋದ. ಮೊಲೆಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಗೆಳತಿ ಬಾರ್ಕಾಳ ಕೈಹಿಡಿದು ಗಡಿ ದಾಟಿ ಈ ಕಲ್ಲುಬಯಲಿಗೆ ಬಂದು ಬಿದ್ದಾಗ ಅವಳ ಎದೆಯಲ್ಲಿ ಹನಿ ಹಾಲಿರಲಿಲ್ಲ. ಮೊದಲ ಲಾರಿಯಿಂದ ಹಿಟ್ಟಿನ ಮೂಟೆ ಇಳಿದ ದಿನ ಬಾರ್ಕಾ ಕಡ್ಡಿ ಆರಿಸಿದಳು, ತೆಕ್ಬರ್ ಉಪ್ಪೂ ಇಲ್ಲದ ರೊಟ್ಟಿ ಸುಟ್ಟಳು, ಅಗಿದು ಅಗಿದು ಕೂಸಿನ ಬಾಯಿಗಿಟ್ಟಳು. ಕೂಸು ಬದುಕಿತು. ಆ ದಿನದಿಂದ ಅವಳ ಪಾಲಿಗೆ ಗೋಧಿಹಿಟ್ಟಿಗಿಂತ ದೊಡ್ಡ ಹೆಸರು ದೇವರದ್ದೊಂದೇ.

ಆ ಕೂಸು ಬೆಳೆದು ಸೈನಿಕನಾಗಿ ದೂರದ ಠಾಣೆ ಸೇರಿತು, ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಡೇರೆಯಲ್ಲಿ ಉಳಿದವರು ತೆಕ್ಬರ್, ಸೊಸೆ ದಹ್ಬಾ, ಮೊಮ್ಮಗಳು ಸುಕೈನಾ. ಸುಕೈನಾ ಹುಟ್ಟಿದಾಗ ಗುಂಡುಗುಂಡಾಗಿದ್ದಳು. ರೊಟ್ಟಿ ತಿನ್ನುವ ವಯಸ್ಸಿಗೆ ಬಂದ ಮೇಲೆ ಹೊಟ್ಟೆ ಊದಿತು, ಕೈಕಾಲು ಕಡ್ಡಿಯಾದವು, ಕೂದಲು ಎಳೆದರೆ ಕೈಗೆ ಬರುತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ದವಾಖಾನೆಯವರು ಭೇದಿಗೆ ಕೊಡುವ ಪುಡಿ ಕೊಟ್ಟರು, ಮಗು ಸೊರಗಿದೆ, ಚೆನ್ನಾಗಿ ಉಣ್ಣಿಸಿ ಎಂದರು. ಉಣ್ಣಿಸುವುದನ್ನು ತೆಕ್ಬರಳಿಗೆ ಯಾರಾದರೂ ಹೇಳಿಕೊಡಬೇಕೆ? ಬಾರ್ಕಾ ತನ್ನ ಮೇಕೆ ಕರೆದು ಹಾಲು ತಂದುಕೊಡುತ್ತಿದ್ದಳು. ತೆಕ್ಬರ್ ಅದರಲ್ಲಿ ರೊಟ್ಟಿ ಮುರಿದು ನೆನೆಸಿ, ಸಕ್ಕರೆ ಹಾಕಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳಲ್ಲಿ ಒಂದೊಂದೇ ತುತ್ತು ಇಡುತ್ತಿದ್ದಳು. ಮಗು ಬೇಡವೆಂದು ಮುಖ ತಿರುಗಿಸಿದರೆ ಹಾಡು ಹೇಳಿ, ಮೂಗು ಹಿಡಿದು, ರಮಿಸಿ ತಿನ್ನಿಸುತ್ತಿದ್ದಳು. ಹೀಗೇ ಒಂದು ದಿನ, ಬಾಯಲ್ಲಿ ತುತ್ತಿರುವಾಗಲೇ, ಸುಕೈನಾ ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ನಾವೆಲ್ಲ ಹೋಗಿ ಕೂತೆವು. ತಾಯಿ ಮಾಡುವುದಕ್ಕಿಂತ ಹೆಚ್ಚು ಮಾಡಿದೆ ಕಣೇ ನೀನು ಎಂದು ಅವಳ ತಲೆ ಸವರಿದೆವು. ಅವಳು ಆ ಮಾತನ್ನೇ ಹಿಡಿದುಕೊಂಡು ಬದುಕಿದಳು.

ಎರಡು ಮಳೆಗಾಲ ಮಳೆಯೇ ಇಲ್ಲದೆ ಹೋದ ಮೇಲೆ ಹಮ್ದಿ ಹುಟ್ಟಿದ. ಅಕ್ಕನ ಹಾಗೇ ಗುಂಡು, ಅಕ್ಕನ ಹಾಗೇ ನಗು. ಆಮೇಲೆ ಅಕ್ಕನ ಹಾಗೇ ಹೊಟ್ಟೆ. ದಹ್ಬಾ ಈ ಸಲ ಕಾದು ಕೂರಲಿಲ್ಲ. ಅತ್ತೆಯ ಮುಂದೆ ದನಿ ಎತ್ತದ ಹೆಂಗಸು ಒಂದು ಬೆಳಗ್ಗೆ ತಲೆಯಿಂದ ಕಾಲವರೆಗೆ ಸುತ್ತುವ ಮೆಲ್ಫ ಬಿಗಿದುಕೊಂಡು, ಮಗುವನ್ನು ಎತ್ತಿಕೊಂಡು, ಹೋಗುವ ಗಾಡಿ ಹತ್ತಿ ದೊಡ್ಡಾಸ್ಪತ್ರೆಗೆ ಹೋದಳು. ರಕ್ತ ತೆಗೆದರು, ಬೇರೆ ಊರಿಗೆ ಕಳಿಸಿದರು, ಉತ್ತರ ಬರುವವರೆಗೆ ಅವಳು ಅಲ್ಲೇ ಇದ್ದಳು. ತಿರುಗಿ ಬಂದ ದಿನ ತೆಕ್ಬರ್ ಚಹಾಕ್ಕೆ ಕೂತಿದ್ದಳು. ಎರಡನೆಯ ಲೋಟ ಬಗ್ಗಿಸುತ್ತಿದ್ದಾಗ ದಹ್ಬಾ ಬಾಯಿಬಿಟ್ಟಳು.

“ಅತ್ತೆ, ಇವನಿಗೆ ಗೋಧಿ ಆಗಲ್ವಂತೆ. ರೊಟ್ಟಿ, ಕುಸ್ಕುಸ್, ಬಿಸ್ಕತ್ತು ಯಾವುದೂ ಕೊಡಬಾರದಂತೆ. ಬದುಕಿರೋವರೆಗೂ.”

ತೆಕ್ಬರ್ ಚಹಾ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. “ಹಿಟ್ಟು ವಿಷ ಆದ್ರೆ ಈ ಶಿಬಿರದಲ್ಲಿ ಒಂದು ನರಪಿಳ್ಳೆ ಉಳೀತಿತ್ತೇನೆ? ನಿನ್ನ ಗಂಡ ಏನು ಗಾಳಿ ಕುಡಿದು ಬೆಳೆದ್ನಾ?”

ಎಲ್ಲರಿಗೂ ಹಾಗಲ್ಲ, ಕೆಲವರ ಕರುಳಿಗೆ ಮಾತ್ರ, ಅದಕ್ಕೆ ಸೀಲಿಯಾಕ್ ಎನ್ನುತ್ತಾರೆ ಎಂದು ದಹ್ಬಾ ತಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದಳು. ನಮ್ಮ ಜನರಲ್ಲಿ ಇದು ಬಹಳವಂತೆ, ರಕ್ತದಲ್ಲೇ ಬರುತ್ತದಂತೆ, ಒಂದು ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಎಂದವಳು ಅಲ್ಲಿಗೆ ನಾಲಗೆ ಕಚ್ಚಿಕೊಂಡಳು. ಸುಕೈನಾಳ ಹೆಸರು ಅವಳು ಎತ್ತಲಿಲ್ಲ. ತೆಕ್ಬರಳಿಗೆ ಮಾತ್ರ ಅದು ಕೇಳಿಸಿತು. ಮೂರನೆಯ ಲೋಟ ಕುಡಿಯದೆ ಅವಳು ಎದ್ದುಹೋದಳು. ಹಾಗೆ ಏಳುವುದು ನಮ್ಮಲ್ಲಿ ಬೈಗುಳಕ್ಕಿಂತ ಹೆಚ್ಚು.

ಹೊರಗಿನವರಿಗೆ ಅವಳು ಹಟಮಾರಿ ಮುದುಕಿಯಂತೆ ಕಂಡಳು. ನನಗೂ ಹಾಗೇ ಕಂಡಿದ್ದಳು, ಸುಳ್ಳೇಕೆ? ಆದರೆ ಅವಳ ಕಷ್ಟ ಬೇರೆಯೇ ಇತ್ತು. ಸೊಸೆ ಹೇಳುವುದು ನಿಜವಾದರೆ ಹಮ್ದಿ ಉಳಿಯುತ್ತಾನೆ. ಸೊಸೆ ಹೇಳುವುದು ನಿಜವಾದರೆ ಸುಕೈನಾಳ ಬಾಯಿಗೆ ಬೆರಳಲ್ಲಿ ಸಾವನ್ನು ಇಟ್ಟವಳು ತಾನು. ಮೊದಲನೆಯದನ್ನು ಪಡೆಯಬೇಕಾದರೆ ಎರಡನೆಯದನ್ನು ನುಂಗಬೇಕು. ಅವಳ ಗಂಟಲಲ್ಲಿ ಅದು ಇಳಿಯಲಿಲ್ಲ.

ಹೀಗಿರುವಾಗ ಅಂಥ ಮಕ್ಕಳಿರುವ ಮನೆಗಳಿಗೆಂದು ಗೋಧಿಯಿಲ್ಲದ ಹಿಟ್ಟಿನ ಪೊಟ್ಟಣಗಳು ಬಂದವು. ಬೆಳ್ಳಗೆ, ನುಣ್ಣಗೆ, ಚಂದದ ಕಾಗದದಲ್ಲಿ. ದಹ್ಬಾ ನೀರು ತರಲು ಹೋಗಿದ್ದಾಗ ಬಾರ್ಕಾಳ ತಮ್ಮ, ಬಹಳ ಕಾಲದ ಮೇಲೆ ಪರದೇಶದಿಂದ ಬಂದವನು, ತೆಕ್ಬರಳನ್ನು ನೋಡಲು ಬಂದ. ಜೊತೆಗೆ ಇನ್ನೂ ನಾಲ್ಕು ಜನ. ಮನೆಯಲ್ಲಿರುವುದರಲ್ಲಿ ಒಳ್ಳೆಯದು ಅತಿಥಿಗೆ, ಇದರಲ್ಲಿ ಯೋಚಿಸುವುದೇನಿದೆ? ತೆಕ್ಬರ್ ಪೊಟ್ಟಣಗಳನ್ನೆಲ್ಲ ಒಡೆದಳು. ಆ ಹಿಟ್ಟು ಅವಳ ಕೈಗೂ ಬಗ್ಗಲಿಲ್ಲ, ರೊಟ್ಟಿ ಎತ್ತಿದರೆ ಪುಡಿಪುಡಿ. ಅತಿಥಿಗಳು ಆ ಪುಡಿಯನ್ನೇ ಬಾಚಿ ತಿಂದು, ಇಂಥದ್ದು ಜನ್ಮದಲ್ಲಿ ತಿಂದಿರಲಿಲ್ಲ ಎಂದು ಹೊಗಳಿದರು. ಅದಂತೂ ನಿಜವೇ.

ದಹ್ಬಾ ಬಂದು ಖಾಲಿ ಕಾಗದಗಳನ್ನು ನೋಡಿ ನೆಲಕ್ಕೆ ಕುಸಿದಳು. ತೆಕ್ಬರಳಿಗೆ ಅವಳ ಅಳು ಅರ್ಥವಾಗಲೇ ಇಲ್ಲ. “ಬಂದೋರಿಗೆ ಬಡಿಸದೆ ಬಚ್ಚಿಡೋಷ್ಟು ಕೆಟ್ಟುಹೋಗಿದ್ಯಾ ಈ ಮನೆ?” ಎಂದು ಕೇಳಿದಳು.

ಮಾರನೆಯ ದಿನದಿಂದ ದಹ್ಬಾ ಊಟದ ಹೊತ್ತಿಗೆ ಪರದೆ ಇಳಿಸತೊಡಗಿದಳು. ಒಳಗೆ ಹಮ್ದಿ, ಅವನಿಗೆಂದು ಬೇಯಿಸಿದ ಅನ್ನ, ಬೇಳೆ, ಅವಳು. ಹೊರಗೆ ಇಡೀ ಕೇರಿ. ಎರಡೇ ದಿನದಲ್ಲಿ ಮಾತು ಹಬ್ಬಿತು. ನಾವು ಹೆಂಗಸರು ಎಂಥವರು ಎಂದು ನನಗೆ ಗೊತ್ತು. ಮಗುವಿಗೆ ಏನಾಗಿದೆ ಎಂದು ಒಬ್ಬಳೂ ಕೇಳಲಿಲ್ಲ, ಜಿಪುಣಿ ಎಂದು ಎಲ್ಲರೂ ಅಂದೆವು. ಬಾರ್ಕಾಳಂತೂ ನೀರಿನ ತೊಟ್ಟಿಯ ಹತ್ತಿರ ಎಲ್ಲರೆದುರು ತೆಕ್ಬರಳನ್ನು ಹಿಡಿದು, “ನಿನ್ನ ಸೊಸೆ ಒಳಗೆ ಒಂಟೆ ಗೂನು ಬೇಯಿಸ್ತಾಳೇನೇ, ವಾಸನೆಯೂ ಹೊರಗೆ ಬಿಡಲ್ವಲ್ಲ?” ಎಂದಳು. ಎಲ್ಲರೂ ನಕ್ಕರು. ಜೀವಮಾನವಿಡೀ ಬಾಗಿಲು ತೆರೆದಿಟ್ಟು ಬದುಕಿದವಳಿಗೆ ಆ ನಗು ಮೈಮೇಲೆ ಬಿಸಿನೀರು ಹೊಯ್ದಂತಾಯಿತು.

ಮನೆಗೆ ಬಂದು ಅವಳು ಸೊಸೆಯೊಂದಿಗೆ ರಾಜಿಗೆ ಇಳಿದಳು. ಪರದೆ ಎತ್ತು, ಹುಡುಗನನ್ನು ನನ್ನ ಜವಾಬ್ದಾರಿಗೆ ಬಿಡು ಎಂದಳು. “ಒಂದು ಚೂರು ರೊಟ್ಟಿ ಇವನ ಬಾಯಿಗೆ ಇಟ್ರೆ ಈ ಕೈ ಸೇದಿಹೋಗ್ಲಿ.” ನಂಬಿ ಹೇಳಿದ ಮಾತಲ್ಲ, ಮಾನ ಉಳಿಸಿಕೊಳ್ಳಲು ಹೇಳಿದ್ದು. ಆದರೂ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಡೇರೆಯಿಂದ ಡೇರೆಗೆ ಹೋಗಿ, ನನ್ನ ಮೊಮ್ಮಗನಿಗೆ ಯಾರೂ ರೊಟ್ಟಿ ಕೊಡಕೂಡದು ಎಂದು ಅಪ್ಪಣೆಯ ಹಾಗೆ ಸಾರಿದಳು. ಸೊಸೆ ಹೇಳಿದ್ದರೆ ಕೇಳುತ್ತಿದ್ದೆವೋ ಇಲ್ಲವೋ, ತೆಕ್ಬರ್ ಹೇಳಿದ್ದಕ್ಕೆ ಕೇಳಿದೆವು. ಕೇರಿಯ ಒಂದು ಕೈಯೂ ಅವನಿಗೆ ರೊಟ್ಟಿ ಕೊಡಲಿಲ್ಲ. ಹುಡುಗ ಸ್ವಲ್ಪ ಚೇತರಿಸಿಕೊಂಡ, ಮೇಕೆಗಳ ಹಿಂದೆ ಓಡುವಷ್ಟಾದ. ದಹ್ಬಾ ಪರದೆ ಎತ್ತಿ ಕಟ್ಟಿದಳು.

ಬೇಸಿಗೆಯ ಮೊದಲಿಗೆ ಬಾರ್ಕಾಳ ಮನೆಯಲ್ಲಿ ಮಗುವಿಗೆ ಹೆಸರಿಡುವ ಊಟ. ಆಮೇಲೆ ಒಂದರ ಹಿಂದೆ ಒಂದು ಊಟ, ಹಬ್ಬ, ಮದುವೆ. ಎಲ್ಲ ಕಡೆಯೂ ಮ್ರೈಫಿಸಾ. ಮರಳಲ್ಲಿ ಸುಟ್ಟ ರೊಟ್ಟಿ ಮುರಿದು ದೊಡ್ಡ ಹರಿವಾಣದ ತುಂಬ ಹರಡಿ, ಮೇಲೆ ಕುದಿಯುವ ಮಾಂಸದ ಸಾರು ಹೊಯ್ದು, ಸುತ್ತ ಕೂತು ತಿನ್ನುವುದು. ಹಮ್ದಿ ಅಜ್ಜಿಯ ಮಗ್ಗುಲಿಗೇ. ಅವಳು ತನ್ನ ಊಟ ಬಿಟ್ಟು ಅವನ ಕಾವಲಿಗೆ ಕೂರುತ್ತಿದ್ದಳು. ಬೆರಳಲ್ಲಿ ರೊಟ್ಟಿಯ ಚೂರನ್ನೆಲ್ಲ ಆಚೆ ತಳ್ಳಿ, ಮೆತ್ತಗಿನ ಮಾಂಸ ಬಿಡಿಸಿ ಅವನಿಗಿಡುವಳು, ಹರಿವಾಣವನ್ನು ಓರೆ ಮಾಡಿ ಅಡಿಯ ಗಟ್ಟಿ ಸಾರನ್ನು ಚಿಪ್ಪಿನಂತೆ ಬಾಗಿಸಿದ ಅಂಗೈಯಲ್ಲಿ ಹಿಡಿದು ಕುಡಿಸುವಳು. ಅವಳಿಲ್ಲದ ಡೇರೆಗಳಲ್ಲಿ ನಾವೂ ಅವಳನ್ನು ನೋಡಿ ಕಲಿತದ್ದನ್ನೇ ಮಾಡಿದೆವು. ರೊಟ್ಟಿ ಬದಿಗೆ, ಸಾರು ಹುಡುಗನಿಗೆ. ಬಡಪಾಯಿ, ರೊಟ್ಟಿ ತಿನ್ನುವ ಹಾಗಿಲ್ಲವಲ್ಲ ಎಂದು ಎರಡು ಗುಟುಕು ಹೆಚ್ಚೇ ಕುಡಿಸಿದೆವು.

ಬಿಸಿಗಾಳಿ ಶುರುವಾಗುವ ಹೊತ್ತಿಗೆ ಹಮ್ದಿ ಮಲಗಿಬಿಟ್ಟ. ವಾಂತಿ, ಭೇದಿ, ಕಣ್ಣು ಒಳಕ್ಕೆ. ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ದಹ್ಬಾ ಅತ್ತೆಯ ಮುಖವನ್ನೇ ನೋಡಿದಳು. ತೆಕ್ಬರ್ ತನ್ನ ಬಲಗೈ ಮುಂದೆ ಹಿಡಿದು, ಒಂದು ಚೂರೂ ಕೊಟ್ಟಿಲ್ಲ, ಸತ್ತ ಮೊಮ್ಮಗಳ ಆಣೆ ಎಂದಳು. ಆ ಹುಡುಗಿಯ ಹೆಸರು ಹಿಡಿಯದಿದ್ದರೂ ಅವಳು ಆಣೆ ಇಟ್ಟು ಹೇಳಿದ್ದು ಸತ್ಯವನ್ನೇ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನೀರು ಏರಿಸಿದರು. ಉಳಿಯುತ್ತಾನೆ ಎಂದು ಯಾರೂ ಹೇಳಲಿಲ್ಲ. ಪಕ್ಕದ ಹಾಸಿಗೆಯ ಹತ್ತಿರ ಗಾಲಿಯಾ ಎಂಬ ಹೆಂಗಸಿದ್ದಳು, ಬೇರೆ ಶಿಬಿರದವಳು, ದೊಡ್ಡ ಬಾಯಿ, ದೊಡ್ಡ ಕೈ. ಅವಳ ಮಗಳಿಗೂ ಇದೇ ಕಾಯಿಲೆ. ದಹ್ಬಾಳನ್ನು ಕಂಡ ಕೂಡಲೇ ಅಕ್ಕ ಎಂದು ತಬ್ಬಿಕೊಂಡಳು. ತೆಕ್ಬರಳಿಗೆ ಆಶ್ಚರ್ಯವಾಯಿತು. ದಹ್ಬಾ ತವರಿಗೆಂದು ಹೇಳಿ ಆಗಾಗ ಹೋಗುತ್ತಿದ್ದದ್ದು ತವರಿಗಲ್ಲ, ಇಂಥ ಮಕ್ಕಳ ತಾಯಂದಿರು ಶಾಲೆಯ ಕೋಣೆಯಲ್ಲಿ ಸೇರುವ ಕಡೆಗೆ ಎಂದು ಆಗ ತಿಳಿಯಿತು. ತನ್ನ ಕೇರಿಯಲ್ಲಿ ಸಿಗದ ಹೆಗಲು ಅವಳು ಅಲ್ಲಿ ಹುಡುಕಿಕೊಂಡಿದ್ದಳು.

ಗಾಲಿಯಾ ಮುದುಕಿಯನ್ನು ಎದುರಿಗೆ ಕೂರಿಸಿಕೊಂಡು ಹುಡುಗ ಏನೇನು ತಿಂದ ಎಂದು ಒಂದೊಂದಾಗಿ ಕೇಳಿದಳು. ಹಾಲು, ಅನ್ನ, ಖರ್ಜೂರ, ಮಾಂಸ, ಸಾರು.

“ಯಾವ ಸಾರು ಅಜ್ಜಿ?”

“ಮ್ರೈಫಿಸಾದ್ದು. ರೊಟ್ಟಿ ಎಲ್ಲ ನಾನೇ ಆಚೆ ತೆಗೀತಿದ್ದೆ.”

“ರೊಟ್ಟಿ ನೆಂದ ಸಾರಲ್ಲಿ ರೊಟ್ಟಿ ಇರಲ್ವಾ ಅಜ್ಜಿ?”

ಅಷ್ಟು ಸಾಕಾ, ಕಣ್ಣಿಗೂ ಕಾಣದಷ್ಟು, ಎಂದು ತೆಕ್ಬರ್ ಕೇಳಿದಳು. ಸಾಕು, ಹಿಟ್ಟು ನಾದಿದ ಕೈಯನ್ನು ತೊಳೆಯದೆ ಉಣ್ಣಿಸಿದರೂ ಸಾಕು, ಅದಕ್ಕೇ ಇವರಿಗೆ ಪಾತ್ರೆಯೇ ಬೇರೆ, ಚಮಚವೇ ಬೇರೆ ಎಂದಳು ಗಾಲಿಯಾ. ತನ್ನ ಮೊದಲ ಮಗನನ್ನು ಹೀಗೇ ಕಳೆದುಕೊಂಡೆ ಎಂದೂ ಹೇಳಿದಳು. ಬಹಳ ಸಲ ಹೇಳಿ ಹೇಳಿ ಅಭ್ಯಾಸವಾದ ದನಿ ಅದು.

ತೆಕ್ಬರ್ ಹೊರಗೆ ಬಂದು ಗೋಡೆಯ ನೆರಳಲ್ಲಿ ಕೂತು ಮನಸ್ಸಲ್ಲೇ ಲೆಕ್ಕ ಹಾಕಿದಳು. ಕಣ್ಣಿಗೆ ಕಾಣದಷ್ಟು ಹಿಟ್ಟು ಇವನನ್ನು ಇಲ್ಲಿಗೆ ತಂದಿತು. ಇವನ ಅಕ್ಕನಿಗೆ ಬೋಗುಣಿ ಬೋಗುಣಿ ಕೊಟ್ಟಿದ್ದೆ. ಬೇಡ ಎಂದು ಮುಖ ತಿರುಗಿಸುತ್ತಿತ್ತು. ಮೂಗು ಹಿಡಿದೆ. ಲೆಕ್ಕ ಹಾಕಲು ಇನ್ನೇನೂ ಉಳಿದಿರಲಿಲ್ಲ. ದಹ್ಬಾ ಬಂದು ಪಕ್ಕದಲ್ಲಿ ಕೂತಳು. ಬೈದಿದ್ದರೆ ತೆಕ್ಬರ್ ತಡೆದುಕೊಳ್ಳುತ್ತಿದ್ದಳು.

ಹಮ್ದಿ ಉಳಿದ. ಉಳಿದ ಎಂದರೆ ಉಸಿರಾಡಿಕೊಂಡು ಮನೆಗೆ ಬಂದ, ಅಷ್ಟೇ. ಅವನ ವಾರಿಗೆಯ ಹುಡುಗರು ಅವನಿಗಿಂತ ಒಂದು ತಲೆ ಎತ್ತರವಿದ್ದಾರೆ, ಇನ್ನು ಮುಂದೆಯೂ ಇರುತ್ತಾರೆ. ತೆಕ್ಬರ್ ಮರಳ ಒಲೆ ಮುಚ್ಚಿದಳು. ಹೊಸ ಪಾತ್ರೆಯಲ್ಲಿ ಹುಡುಗನ ಅಡುಗೆ ಬೇಯಿಸಿ, ಅವನ ಬೋಗುಣಿಯಲ್ಲೇ ತಾನೂ ಉಂಡಳು. ಊಟಗಳಿಗೆ ಹೋದಾಗ ಎಲ್ಲರ ಹರಿವಾಣ ಬಿಟ್ಟು ಹುಡುಗನ ಜೊತೆ ಬೇರೆ ಕೂತಳು. ನಾವು ಯಾರೂ ಆ ಕಡೆ ನೋಡಲಿಲ್ಲ. ನೋಡಿದರೆ ನಾವು ಕುಡಿಸಿದ ಸಾರಿನ ನೆನಪಾಗುತ್ತಿತ್ತು.

ದಹ್ಬಾಳ ಜೊತೆ ಅವಳು ಆ ಶಾಲೆಯ ಕೋಣೆಗೂ ಹೋದಳು. ಅಲ್ಲಿ ಹೆಂಗಸರು ಪಡಿತರದ ಗೋಧಿಹಿಟ್ಟು ಕೊಟ್ಟು ಅಕ್ಕಿ ಬೇಳೆ ಬದಲಾಯಿಸಿಕೊಳ್ಳುವ ದಾರಿ ಹುಡುಕುತ್ತಿದ್ದರು, ಅಕ್ಕಿಹಿಟ್ಟಿನ ರೊಟ್ಟಿ ಮುರಿಯದ ಹಾಗೆ ಮಾಡಲು ಒದ್ದಾಡುತ್ತಿದ್ದರು, ಅತ್ತೆಯಂದಿರನ್ನು ಬಾಯಿತುಂಬ ಬೈಯುತ್ತಿದ್ದರು, ಬೈದು ತೆಕ್ಬರಳ ಕಡೆ ನೋಡಿ ನಾಚಿಕೊಳ್ಳುತ್ತಿದ್ದರು. ಸತ್ತ ಮಕ್ಕಳ ಹೆಸರನ್ನೂ ಹೇಳುತ್ತಿದ್ದರು. ಬಹಳ ಹೆಸರುಗಳು. ತೆಕ್ಬರ್ ಹಿಂದೆ ಗೋಡೆಗೆ ಒರಗಿ ಕೂತು, ಮೆಲ್ಫದ ಅಂಚನ್ನು ಬಾಯಿಗಡ್ಡ ಹಿಡಿದು ಕೇಳುತ್ತಿದ್ದಳು. ಸುಕೈನಾಳ ಹೆಸರು ಅವಳ ಬಾಯಿಂದ ಬರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ.

ಅಷ್ಟರಲ್ಲಿ ಬಾರ್ಕಾಳ ಮೊಮ್ಮಗಳು, ಅಂದು ಹೆಸರಿಟ್ಟ ಕೂಸಿನ ಅಕ್ಕ ನಾಹಾ, ಸೊರಗತೊಡಗಿದಳು. ತೆಕ್ಬರಳಿಗೆ ದೂರದಿಂದ ನೋಡಿದರೂ ಸಾಕಿತ್ತು. ಆ ಹೊಟ್ಟೆ, ಆ ಕಾಲು, ಆ ಕೂದಲು. ದಹ್ಬಾ ಹೋಗಿ ಹೇಳಿದಳು, ರಕ್ತ ತೋರಿಸಿ ಎಂದು ಕೈಮುಗಿದಳು. ನಿನ್ನ ಮನೆಯ ಪೀಡೆಯನ್ನು ನಮ್ಮ ಮನೆಗೆ ಅಂಟಿಸಬೇಡ ಎಂದು ಬಾರ್ಕಾ ಅವಳನ್ನು ಅಟ್ಟಿಬಿಟ್ಟಳು. ಗಾಲಿಯಾ ಅಷ್ಟು ದೂರದಿಂದ ಬಂದಳು, ಬಾರ್ಕಾ ಅವಳಿಗೆ ಚಹಾ ಕೊಟ್ಟು ಮಾತು ಬದಲಿಸಿದಳು. ತೆಕ್ಬರ್ ಮಾತ್ರ ಹೋಗಲಿಲ್ಲ. ನಾಳೆ ಹೋಗುತ್ತೇನೆ ಎಂದುಕೊಂಡಳು, ನಾಳೆಯೂ ಹಾಗೇ ಅಂದುಕೊಂಡಳು. ಬಾರ್ಕಾಳ ಮುಂದೆ ಕೂತು ಬರೀ ಗೋಧಿಯ ಮಾತಾಡಿ ಎದ್ದು ಬರಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಈ ನಾಳೆಗಳಲ್ಲಿ ನಾಹಾ ನಡೆಯುವುದನ್ನು ಬಿಟ್ಟಳು.

ಕೊನೆಗೆ ಒಂದು ಮಧ್ಯಾಹ್ನ ಹೋದಳು. ಬಾರ್ಕಾ ನಾಹಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೇಕೆಯ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಬೆರಳಲ್ಲಿ ತಿನ್ನಿಸುತ್ತಿದ್ದಳು. ಸೊಸೆಯಂದಿರು, ನಾವು ಒಂದಿಬ್ಬರು ನೆರೆಯವರು ಸುತ್ತ ಇದ್ದೆವು. ತೆಕ್ಬರ್ ಎದುರಿಗೆ ಕೂತು ಬಹಳ ಹೊತ್ತು ಆ ಬೆರಳನ್ನೇ ನೋಡಿದಳು.

“ಬಾರ್ಕಾ, ಅದನ್ನ ನಿಲ್ಸು.”

“ನೀನೂ ಶುರು ಮಾಡ್ಬೇಡ. ಹಸಿದ ಮಗುಗೆ ರೊಟ್ಟಿ ಕೊಡಬೇಡ ಅನ್ನೋಕೆ ನಿಂಗೆ ನಾಲಗೆ ಹೇಗೆ ಹೊರಳುತ್ತೆ? ಇದನ್ನೇ ಅಲ್ವಾ ನೀನು ಸುಕೈನಾಗೆ ಕೊಟ್ಟಿದ್ದು? ಹಾಲು ನಂದು, ರೊಟ್ಟಿ ನಿಂದು.”

“ಅದಕ್ಕೇ ಹೇಳ್ತಿದೀನಿ.”

ಬಾರ್ಕಾಳ ಕೈ ಬೋಗುಣಿಯಲ್ಲೇ ನಿಂತಿತು. ಅವಳಿಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಸಿಟ್ಟು ಬಂತು. “ಅಂದ್ರೆ ಏನು, ನಿನ್ನ ಮೊಮ್ಮಗಳನ್ನ ನೀನೇ ತಿನ್ನಿಸಿ ಸಾಯಿಸ್ದೆ ಅಂತ ಹೇಳೋಕೆ ಬಂದ್ಯಾ?”

“ಹೂಂ,” ಎಂದಳು ತೆಕ್ಬರ್. “ಅದನ್ನೇ ಹೇಳೋಕೆ ಬಂದೆ. ಬೇಡ ಅಂತಿದ್ಲು, ಮೂಗು ಹಿಡಿದು ತಿನ್ನಿಸ್ದೆ.”

ನನ್ನ ಕಣ್ಣು ನೆಲಕ್ಕಿತ್ತು. ಬಾರ್ಕಾ, ಬೇಡಿಕೊಳ್ಳುವವಳ ಹಾಗೆ, “ನಮಗೆ ಗೊತ್ತಿರಲಿಲ್ವಲ್ಲೇ,” ಎಂದಳು.

“ಆಗ ಗೊತ್ತಿರಲಿಲ್ಲ. ಈಗ ನಿಂಗೆ ಗೊತ್ತು.”

ಬಾರ್ಕಾ ಅಲುಗಾಡಲಿಲ್ಲ. ಕೊಡುವುದಕ್ಕೂ ಆಗದೆ, ಬಿಡುವುದಕ್ಕೂ ಆಗದೆ ಬೋಗುಣಿ ಹಿಡಿದು ಕೂತಿದ್ದಳು. ನಾಹಾ ತುತ್ತಿಗಾಗಿ ಬಾಯಿ ತೆರೆದಳು. ತೆಕ್ಬರ್ ಮುಂದಕ್ಕೆ ಬಾಗಿ ಗೆಳತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೋಗುಣಿಯನ್ನು ಎತ್ತಿಕೊಂಡಳು. ಮಗು ಅದರ ಹಿಂದೆ ಕೈಚಾಚಿ, ಇದ್ದ ತ್ರಾಣವನ್ನೆಲ್ಲ ಸೇರಿಸಿ ಅಳತೊಡಗಿತು. ಯಾರ ಮಗುವನ್ನೂ ಹಸಿದು ಹೋಗಲು ಬಿಡದ ತೆಕ್ಬರ್, ಹುಟ್ಟಿದ ಮೇಲೆ ಮೊದಲ ಸಲ ಒಂದು ಮಗುವಿನ ಬಾಯಿಂದ ತುತ್ತು ಕಿತ್ತುಕೊಂಡು, ಆ ಅಳು ಬೆನ್ನಿಗೆ ಬಡಿಯುತ್ತಿದ್ದಂತೆ ಹೊರಗೆ ನಡೆದು, ಹಾಲನ್ನೂ ರೊಟ್ಟಿಯನ್ನೂ ಮೇಕೆಗಳ ಮುಂದೆ ಸುರಿದಳು. ಬಾರ್ಕಾ ತಡೆಯಲಿಲ್ಲ.